ಹನ್ನೊಂದು ಜನರ ಸ್ಪ್ಯಾನಿಷ್ ಮೀನು ಪೇಟೆ

“ಕಿವಿರ್ ಎತ್ತಿ ಕಾಣ್ ಬಾಗಿ! ಸುಮ್ನೆ ಬುಟ್ಟಿ ಎದ್ರ್ ನಿಂತ್ರೆ ಮೀನ್ ತಕಂಡಾಂಗ್ ಆತ್ತಾ?” ನವ್ಯಶ್ರೀ ಶಾಲೆಯ ಜಗಲಿಯಿಂದ ಕೂಗಿದಳು.

ಬಾಗಿ ಬುಟ್ಟಿಯಿಂದ ರಟ್ಟಿನ ಬಂಗಡೆಯೊಂದನ್ನು ಎತ್ತಿಕೊಂಡಳು. ಕಿವಿರಿನ ಜಾಗಕ್ಕೆ ಕೆಂಪು ಪೇಂಟ್ ಹಚ್ಚಿತ್ತು. ಅದನ್ನು ಹೆಬ್ಬೆರಳಿನಿಂದ ಬಿಡಿಸಿ ನೋಡಿದಳು, ಮೂಗಿನ ಹತ್ತಿರ ತಂದಳು. ಆಮೇಲೆ ಹುಣಸೆಹಣ್ಣು ತಿಂದವರ ಹಾಗೆ ಮುಖ ಮಾಡಿ, “ಮುಯ್ ಕಾರೊ!” ಎಂದಳು.

ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ ‘ತುಂಬಾ ದುಬಾರಿ’ ಎಂದು.

ಬುಟ್ಟಿಯ ಹಿಂದೆ ರತನ್ ಕುಕ್ಕರುಗಾಲಿನಲ್ಲಿ ಕೂತಿದ್ದ. ಅವನದು ಮೀನು ಮಾರುವವನ ಪಾರ್ಟು. “ನೊ, ಸೆನ್ಯೋರಾ! ಮುಯ್ ಬಾರಾತೊ!” ಎಂದು ಎದೆ ಮುಟ್ಟಿಕೊಂಡು ಹೇಳಿದ. ಇಲ್ಲ ಅಮ್ಮಾ, ತುಂಬಾ ಅಗ್ಗ!

ಸುತ್ತ ನಿಂತವರೆಲ್ಲ ನಕ್ಕರು. ಬಾಗಿಯೂ ನಕ್ಕಳು. ಅವಳ ಪಾರ್ಟಿನಲ್ಲಿ ಇದ್ದದ್ದು ಅದೊಂದೇ ಮಾತು. ಆದರೆ ಅವಳು ಅದನ್ನು ಹೇಳುವ ರೀತಿ ಕೇಳಿದರೆ, ಬಂಗಡೆ ನಿಜವಾಗಿಯೂ ದುಬಾರಿ ಎಂದು ಯಾರಿಗಾದರೂ ಅನ್ನಿಸುತ್ತಿತ್ತು.

ಅಷ್ಟರಲ್ಲಿ ದೀಕ್ಷಾ ಟೀಚರ್ ಕೈಯಲ್ಲೊಂದು ಕಾಗದ ಹಿಡಿದು ಬಂದರು. ಒಂದೊಂದೇ ತಲೆ ಎಣಿಸಿದರು.

“ನವ್ಯಾ, ಒಂಚೂರ್ ಸ್ಟಾಫ್ ರೂಮಿಗೆ ಬಾ.”

ನವ್ಯಶ್ರೀ ಅವರ ಹಿಂದೆಯೇ ನಡೆದಳು. ಟೀಚರ್ ಎಲ್ಲರೆದುರು ಹೇಳದೆ ಪಕ್ಕಕ್ಕೆ ಕರೆದರೆ ಅವಳಿಗೆ ಯಾವಾಗಲೂ ಹೆದರಿಕೆ.

ಬರುವ ಶನಿವಾರ ಉಪ್ಪುಂದದ ಅವರ ಹೈಸ್ಕೂಲಿನಲ್ಲಿ ವಿದೇಶಿ ಭಾಷಾ ಹಬ್ಬ. ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಎಂಟು ಶಾಲೆಗಳು ಸೇರಿ ಮಾಡುವ ಹಬ್ಬ ಅದು. ಒಂದೊಂದು ಶಾಲೆಗೆ ಒಂದೊಂದು ಭಾಷೆ. ಚೀಟಿ ಎತ್ತಿದಾಗ ಇವರಿಗೆ ಸ್ಪ್ಯಾನಿಷ್ ಬಂದಿತ್ತು. ಆ ಭಾಷೆಯಲ್ಲಿ ಐದು ನಿಮಿಷದ ನಾಟಕ ಆಡಬೇಕು. ದೀಕ್ಷಾ ಟೀಚರ್ ಆನ್‌ಲೈನ್ ಕ್ಲಾಸಿನಲ್ಲಿ ಕಲಿತದ್ದು ಅದೇ ಭಾಷೆಯಾದ್ದರಿಂದ ಮಕ್ಕಳು ಕುಣಿದಾಡಿದ್ದರು. ಒಂಬತ್ತನೇ ಕ್ಲಾಸಿನ ನವ್ಯಶ್ರೀ ತಂಡದ ಲೀಡರ್. ಏನು ಬರೆಯುವುದು ಎಂದು ಕೇಳಿದಾಗ ಅವಳು ಯೋಚಿಸಲೇ ಇಲ್ಲ, ಮೀನು ಪೇಟೆ ಎಂದುಬಿಟ್ಟಿದ್ದಳು.

ಸ್ಟಾಫ್ ರೂಮಿನಲ್ಲಿ ಟೀಚರ್ ಕಾಗದವನ್ನು ಮೇಜಿನ ಮೇಲಿಟ್ಟರು. “ತಂಡದವ್ರ ಹೆಸ್ರ್ ಬರಿ ಅಂದ್ರೆ ಹನ್ನೊಂದ್ ಜನ್ರದ್ ಬರ್ದಿದ್ಯಲ್ಲೆ. ಹಿಂದಿನ ಬದಿ ಕಂಡಿದ್ಯಾ?”

ನವ್ಯಶ್ರೀ ಕಾಗದ ತಿರುಗಿಸಿದಳು. ಹಿಂದಿನ ಬದಿಯಲ್ಲಿ ನಿಯಮಗಳಿದ್ದವು. ಮೂರನೆಯದು: ವೇದಿಕೆಯ ಮೇಲೆ ಐದು ಮಂದಿಗೆ ಮಾತ್ರ ಅವಕಾಶ.

“ಕಾಣ್ಲಿಲ್ಲೆ ಟೀಚರ್,” ಎಂದಳು.

“ಕಾರ್ಯಕ್ರಮ ಆಪುದ್ ನಮ್ ಶಾಲಿಯಂಗೆ. ನಾವೇ ರೂಲ್ಸ್ ಮುರಿದ್ರೆ ಬೇರೆ ಶಾಲಿಯವ್ರ್ ಎಂತ ಹೇಳುದಿಲ್ಲೆ? ಯಾರ್ ಐದ್ ಜನ ಅಂದೇಳಿ ನೀನೇ ಕಾಣ್. ಉಳ್ದವ್ರಿಗೆ ಬೇರೆ ಕೆಲ್ಸ ಬೇಕಾದಷ್ಟ್ ಇತ್ತ್.”

ಹನ್ನೊಂದು ಜನ ಆದದ್ದು ಹೇಗೆ ಎಂದು ಟೀಚರ್ ಕೇಳಲಿಲ್ಲ. ಕೇಳಿದ್ದರೆ ನವ್ಯಶ್ರೀಗೆ ಹೇಳಲು ಗೊತ್ತಿತ್ತು.

ಮೊದಲು ಐದೇ ಜನ ಇದ್ದರು. ಪ್ರಾಕ್ಟೀಸ್ ನೋಡಲು ಬಂದು ನಿಂತವರನ್ನೆಲ್ಲ ಅವಳು, “ಎಂತ ಕಾಂತ್ರಿ? ಬನ್ನಿ, ಕೈ ಹಾಕಿ,” ಎಂದು ಕರೆದಿದ್ದಳು. ಒಬ್ಬ ರಟ್ಟು ಕತ್ತರಿಸಿದ. ಇಬ್ಬರು ಪೇಂಟ್ ಹಚ್ಚಿದರು. ಇನ್ನಿಬ್ಬರು ಗಿರಾಕಿಗಳಾದರು. ಎಲ್ಲರಿಗಿಂತ ಕೊನೆಗೆ ಬಂದವಳು ಬಾಗಿ. ಈ ವರ್ಷವಷ್ಟೇ ಬೀಜಾಡಿಯ ಶಾಲೆ ಬಿಟ್ಟು ಇಲ್ಲಿಗೆ ಸೇರಿದ್ದಳು. ಕಂಬಕ್ಕೆ ಒರಗಿ ದೂರದಿಂದ ನೋಡುತ್ತಿದ್ದಳು. ಅವಳನ್ನೂ ಕೈ ಹಿಡಿದು ಎಳೆದು ತಂದವಳು ನವ್ಯಶ್ರೀಯೇ.

ಅವಳಿಗೆ ಗೊತ್ತಿದ್ದದ್ದು ಹಾಗೆ. ಅವಳ ಅಪ್ಪಯ್ಯ ಲೀಲಾಧರ ಕೈರಂಪಣಿ ಬಲೆಯಲ್ಲಿ ಮೀನು ಹಿಡಿಯುವವರು. ದೋಣಿ ಕಡಲಿಗೆ ಹೋಗಿ ದೊಡ್ಡ ಬಲೆಯನ್ನು ಅರ್ಧ ಚಂದ್ರನ ಹಾಗೆ ಬಿಟ್ಟು ಬರುತ್ತದೆ. ಬಲೆಯ ಎರಡೂ ತುದಿಯ ಹಗ್ಗವನ್ನು ಊರಿನವರು ದಡದಲ್ಲಿ ನಿಂತು ಎಳೆಯುತ್ತಾರೆ. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಪಾಲು. ಮೊದಲಿನಿಂದ ಎಳೆದವರಿಗೆ ಬುಟ್ಟಿ ತುಂಬ ಸಿಕ್ಕರೆ, ಕೊನೆಗೆ ಬಂದವರಿಗೆ ನಾಲ್ಕೇ ಬಂಗಡೆ ಸಿಗಬಹುದು. ಆದರೆ ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ. ತಂಡದವರ ಹೆಸರು ಬರೆಯಿರಿ ಎಂದು ಕಾಗದದಲ್ಲಿ ಇದ್ದಾಗ, ಅವಳು ಕೈ ಹಾಕಿದವರೆಲ್ಲರ ಹೆಸರು ಬರೆದಿದ್ದಳು. ಅಷ್ಟೇ.

ಜಗಲಿಗೆ ವಾಪಸ್ ಬಂದಾಗ ಹತ್ತು ಮುಖಗಳು ಅವಳ ಕಡೆಗೆ ತಿರುಗಿದವು.

“ಟೀಚರ್ ಎಂತ ಹೇಳ್ರ್?” ಎಂದು ಕೇಳಿದಳು ಬಾಗಿ.

“ಎಂತ ಇಲ್ಲೆ. ನಾಳೆ ಹೇಳ್ತೆ,” ಎಂದಳು ನವ್ಯಶ್ರೀ.

ಮರುದಿನ ಬೆಳಿಗ್ಗೆ ಅವಳು ಅಪ್ಪಯ್ಯನ ಜೊತೆ ಕಡಲಿಗೆ ಹೋದಳು. ಹಗ್ಗ ಒದ್ದೆಯಾಗಿ ಅಂಗೈ ಉರಿಯುತ್ತಿತ್ತು. ಊರು ನೋಡಲು ಬಂದಿದ್ದ ಯಾರೋ ಗಂಡ ಹೆಂಡತಿ ಚಪ್ಪಲಿ ಕಳಚಿಟ್ಟು, ನಗುತ್ತಾ ಬಂದು ಹಗ್ಗ ಹಿಡಿದರು. ಎಳೆದದ್ದಕ್ಕಿಂತ ಜಾರಿ ಬಿದ್ದದ್ದೇ ಹೆಚ್ಚು. ಬಲೆ ಬಂದ ಮೇಲೆ ಅಪ್ಪಯ್ಯ ಅವರಿಗೂ ಐದಾರು ಬಂಗಡೆ ಕೊಟ್ಟರು. ಆ ಹೆಂಗಸು ಮೀನನ್ನು ಎಲ್ಲಿ ಹಿಡಿಯುವುದು ಎಂದು ತಿಳಿಯದೆ ಗಂಡನ ಟೊಪ್ಪಿಯೊಳಗೆ ಹಾಕಿಕೊಂಡಳು.

“ಅಪ್ಪಯ್ಯ, ಹನ್ನೊಂದ್ ಜನ್ರಂಗೆ ಐದೇ ಜನ ಸ್ಟೇಜಿಗ್ ಹೋಪುಕಕ್ಕಂಬ್ರ್,” ಎಂದಳು ನವ್ಯಶ್ರೀ.

“ಸ್ಟೇಜ್ ಅಷ್ಟ್ ಸಣ್ಣದಾ?”

“ಸ್ಟೇಜ್ ದೊಡ್ಡದೇ. ರೂಲ್ಸ್ ಸಣ್ಣದ್.”

ಅಪ್ಪಯ್ಯ ತಲೆ ಕೆರೆದುಕೊಂಡರು. “ಅದೆಲ್ಲ ನಂಗ್ ಗೊತ್ತಾತಿಲ್ಲೆ ಮಗಾ. ಇಲ್ಲಿ ಮರಳಂಗೆ ಯಾರ್ ಬೇಕಾರೂ ನಿಂತ್ಕಣ್ಲಕ್ಕ್,” ಎಂದು ಬಲೆ ಬಿಡಿಸಲು ಹೋದರು.

ನವ್ಯಶ್ರೀ ತನ್ನ ಚಿಕ್ಕ ನೋಟ್‌ಬುಕ್ಕಿನಲ್ಲಿ ಎಲ್ಲರ ಹೆಸರು ಬರೆದು, ಎದುರಿಗೆ ಅವರ ಮಾತುಗಳನ್ನು ಎಣಿಸಿದಳು. ಹೆಚ್ಚು ಮಾತು ಇದ್ದ ಐದು ಜನ ಸ್ಟೇಜಿಗೆ. ಹಾಗೆ ಮಾಡಿದರೆ ಯಾರೂ ತಪ್ಪು ಹೇಳುವಂತಿಲ್ಲ. ರತನ್‌ನ ಎದುರು ನಲವತ್ತು ಎಂದು ಬಂತು. ಬಾಗಿಯ ಎದುರು ಎರಡು: ‘ಮುಯ್’, ‘ಕಾರೊ’.

ಲೆಕ್ಕವೇನೋ ಸರಿ ಇತ್ತು. ಆದರೆ ಹೇಳುವುದು ಹೇಗೆ? ಶಾಲೆಗೆ ಹೋಗುವ ದಾರಿಯುದ್ದಕ್ಕೂ ಅವಳು ಮನಸ್ಸಿನೊಳಗೆ ಹೇಳಿ ನೋಡಿದಳು. ‘ಬಾಗಿ, ಒಂದ್ ವಿಷ್ಯ ಇತ್ತ್...’ ಅಲ್ಲಿಂದ ಮುಂದೆ ಮಾತೇ ಬರಲಿಲ್ಲ.

ಕೊನೆಗೆ ಅವಳು ಒಂದು ಹಾಳೆ ತೆಗೆದುಕೊಂಡು ಚಂದದ ಅಕ್ಷರದಲ್ಲಿ ಬರೆದಳು. ಮೇಲೆ ‘ನಾಟಕ’ ಎಂದು ಐದು ಹೆಸರು. ಕೆಳಗೆ ‘ಸ್ವಯಂಸೇವಕರು’ ಎಂದು ಆರು ಹೆಸರು. ಬೆಲ್ ಆಗುವ ಮೊದಲೇ ನೋಟಿಸ್ ಬೋರ್ಡಿಗೆ ಅದನ್ನು ಸಿಕ್ಕಿಸಿ, ಸ್ವಯಂಸೇವಕರ ಬ್ಯಾಡ್ಜ್ ಕತ್ತರಿಸುವ ನೆಪ ಮಾಡಿ ಸ್ಟಾಫ್ ರೂಮಿನೊಳಗೆ ಕೂತುಬಿಟ್ಟಳು.

ಮಧ್ಯಾಹ್ನ ಊಟಕ್ಕೆ ಹೊರಗೆ ಬಂದಾಗ ಬಾಗಿ ಬೋರ್ಡಿನ ಎದುರು ನಿಂತಿದ್ದಳು. ಅವಳ ಹೆಸರಿನ ಮುಂದೆ ‘ನೀರಿನ ಟೇಬಲ್’ ಎಂದಿತ್ತು.

“ನಂದ್ ಎರಡೇ ಮಾತ್ ಅಲ್ದಾ,” ಎಂದಳು ಬಾಗಿ, ಬೋರ್ಡನ್ನೇ ನೋಡುತ್ತಾ.

“ಟೀಚರ್ ಕರೀತಿದ್ರ್, ಆಮೇಲ್ ಬತ್ತೆ,” ಎಂದು ನವ್ಯಶ್ರೀ ಅಲ್ಲಿಂದ ಹೊರಟೇಹೋದಳು. ಟೀಚರ್ ಕರೆದಿರಲಿಲ್ಲ.

ಅಂದು ಸಂಜೆ ಪ್ರಾಕ್ಟೀಸಿಗೆ ಐದೇ ಜನ ಬಂದರು. ಬಾಗಿಯ ಮಾತನ್ನು ಐವರಲ್ಲಿ ಒಬ್ಬಳಾದ ಪೂಜಿತಾಗೆ ಕೊಟ್ಟರು. ಪೂಜಿತಾ ಅದನ್ನು ಪುಸ್ತಕ ಓದಿದ ಹಾಗೆ ಹೇಳಿದಳು. ಯಾರೂ ನಗಲಿಲ್ಲ.

ಶನಿವಾರ ಬೆಳಿಗ್ಗೆ ಶಾಲೆಯ ಅಂಗಳ ಗುರುತೇ ಸಿಗದ ಹಾಗಾಗಿತ್ತು. ದೊಡ್ಡ ಶಾಮಿಯಾನ ಹಾಕಿದ್ದರು. ತರಗತಿಗಳ ಬೆಂಚುಗಳೆಲ್ಲ ಅದರೊಳಗೆ ಸಾಲಾಗಿ ಬಂದು ಕೂತಿದ್ದವು. ಒಂದು ಕಂಬಕ್ಕೆ ಫ್ರೆಂಚ್, ಇನ್ನೊಂದಕ್ಕೆ ಜಪಾನಿ, ಮತ್ತೊಂದಕ್ಕೆ ಅರಬ್ಬಿ ಅಕ್ಷರದ ಬೋರ್ಡು. ಸ್ಪ್ಯಾನಿಷ್ ಕಂಬಕ್ಕೆ ಬಿಸಿಯೂಟ ಮಾಡುವ ಕಿಟ್ಟಣ್ಣ ಏಣಿ ಹತ್ತಿ ತೋರಣ ಕಟ್ಟುತ್ತಿದ್ದ.

“ಕಿಟ್ಟಣ್ಣ! ಇದ್ ರಾಜ್ಯೋತ್ಸವದ ಪತಾಕಿ ಅಲ್ದಾ?” ನವ್ಯಶ್ರೀ ಕಿರುಚಿದಳು.

“ಹೌದ್. ನಿಮ್ ಸ್ಪೇನಿನ ಬಾವುಟ ಕೆಂಪ್, ಹಳ್ದಿ ಅಂದ್ರ್ ಟೀಚರ್. ಇದೂ ಹಳ್ದಿ, ಕೆಂಪ್. ಮತ್ತೆಂತ ಬೇಕ್?”

ವಾದ ಮಾಡಲು ಸಮಯ ಇರಲಿಲ್ಲ. ಬ್ರಹ್ಮಾವರದ ಬಸ್ಸು ಬಂದಾಗಿತ್ತು. ನವ್ಯಶ್ರೀ ಗೇಟಿಗೆ ಓಡಿದಳು, ಮೈಕಿಗೆ ಓಡಿದಳು, ಹಾಲಾಡಿ ಶಾಲೆಯವರ ಕಳೆದುಹೋದ ಕಿರೀಟವನ್ನು ಹುಡುಕಿ ಕೊಟ್ಟಳು. ನೀರಿನ ಟೇಬಲ್ಲಿನ ಕಡೆಗೆ ಮಾತ್ರ ಹೋಗಲಿಲ್ಲ. ದೂರದಿಂದ ಒಮ್ಮೆ ನೋಡಿದಳು. ಬಾಗಿ ಜಗ್ ಹಿಡಿದು ಲೋಟ ತುಂಬುತ್ತಿದ್ದಳು. ಬ್ಯಾಡ್ಜ್ ಹಾಕಿಕೊಂಡಿರಲಿಲ್ಲ.

ಹಾಲಾಡಿಯವರ ಜರ್ಮನ್ ನಾಟಕ ಮುಗಿದು ಜೋರಾಗಿ ಚಪ್ಪಾಳೆ ಬಿತ್ತು. ಮುಂದಿನದು ಇವರದೇ.

ರತನ್ ಬುಟ್ಟಿ ಇಟ್ಟು ಕೂತ. “ಪೆಸ್ಕಾದೊ ಫ್ರೆಸ್ಕೊ!” ಎಂದು ಕೂಗಿದ. ತಾಜಾ ಮೀನು! ನವ್ಯಶ್ರೀ ಪೇಟೆಗೆ ಬಂದವಳ ಹಾಗೆ ನಡೆದಳು, “ಬ್ವೇನೋಸ್ ದಿಯಾಸ್,” ಎಂದು ನಮಸ್ಕಾರ ಹೇಳಿದಳು. ಒಂದು ಮಾತೂ ತಪ್ಪಲಿಲ್ಲ. ಆದರೆ ಶಾಮಿಯಾನದೊಳಗೆ ಪರೀಕ್ಷೆಯ ಹಾಲಿನಷ್ಟು ಮೌನ. ಮುಂದಿನ ಸಾಲಿನ ಹುಡುಗನೊಬ್ಬ ಆಕಳಿಸಿದ. ಹಿಂದಿನ ಸಾಲಿನಲ್ಲಿ ಕೂತಿದ್ದ ನವ್ಯಶ್ರೀಯ ಅಮ್ಮ, ದಿನಾ ಮೀನು ಮಾರುವವರು, ಇದೆಂತಹ ಪೇಟೆ ಎನ್ನುವ ಹಾಗೆ ನೋಡುತ್ತಿದ್ದರು.

ರತನ್ ಬೆಲೆ ಹೇಳಿದ. ಈಗ ಪೂಜಿತಾ ಮೀನು ಎತ್ತಿ, ಆ ಎರಡು ಮಾತು ಹೇಳಬೇಕು.

ಪೂಜಿತಾ ಮೀನು ಎತ್ತಿದಳು. ಬಾಯಿ ತೆರೆದಳು. ಏನೂ ಬರಲಿಲ್ಲ.

ಒಂದು ಸೆಕೆಂಡ್. ಎರಡು. ಮೂರು. ರತನ್ ಮತ್ತೊಮ್ಮೆ ಬೆಲೆ ಹೇಳಿದ. ಪೂಜಿತಾಳ ಕಣ್ಣಲ್ಲಿ ನೀರು ತುಂಬತೊಡಗಿತು.

“ಮುಯ್ ಕಾರೊ!”

ಸ್ವರ ಬಂದದ್ದು ಸ್ಟೇಜಿನಿಂದ ಅಲ್ಲ. ಇಡೀ ಶಾಮಿಯಾನ ಹಿಂದಕ್ಕೆ ತಿರುಗಿತು. ನೀರಿನ ಟೇಬಲ್ಲಿನ ಹಿಂದೆ ಬಾಗಿ ಒಂದು ಕೈ ಸೊಂಟಕ್ಕಿಟ್ಟು, ಇನ್ನೊಂದು ಕೈಯಲ್ಲಿ ಜಗ್ ಹಿಡಿದು ನಿಂತಿದ್ದಳು. ಮುಖ ಹುಳಿ ಹುಳಿ.

ರತನ್ ರೂಢಿಯಂತೆ ಎದೆ ಮುಟ್ಟಿಕೊಂಡ. “ನೊ, ಸೆನ್ಯೋರಾ! ಮುಯ್ ಬಾರಾತೊ!”

“ಮುಯ್ ಕಾರೊ!” ಬಾಗಿ ಇನ್ನೂ ಜೋರಾಗಿ ಹೇಳಿದಳು.

“ಬಾರಾತೊ!”

“ಕಾರೊ!”

ಗೇಟಿನ ಹತ್ತಿರ ಇದ್ದ ಸ್ವಯಂಸೇವಕನೊಬ್ಬ, “ಮುಯ್ ಕಾರೊ!” ಎಂದ. ಚಪ್ಪಲಿ ಸಾಲು ಮಾಡುತ್ತಿದ್ದ ಇಬ್ಬರು ಎದ್ದು ನಿಂತರು. ಅವರಿಗೂ ಇಷ್ಟು ದಿನ ಕೇಳಿ ಕೇಳಿ ನಾಟಕವೆಲ್ಲ ಬಾಯಿಪಾಠ ಆಗಿತ್ತು. ಅಷ್ಟರಲ್ಲಿ ನವ್ಯಶ್ರೀಯ ಅಮ್ಮ ಎದ್ದರು. ಅವರಿಗೆ ಭಾಷೆ ಗೊತ್ತಿರಲಿಲ್ಲ, ಆದರೆ ನಡೆಯುತ್ತಿರುವುದು ಏನು ಎಂದು ಚೆನ್ನಾಗಿ ಗೊತ್ತಿತ್ತು. “ಹ್ವಾಯ್ ರತನಾ, ಮುಯ್ ಕಾರೊ ಮಾರಾಯಾ! ಕಿವಿರ್ ತೋರ್ಸ್ ಕಾಂಬ!” ಎಂದು ಅಲ್ಲಿಂದಲೇ ಕೇಳಿದರು.

ಆಮೇಲೆ ತಡೆಯುವವರೇ ಇರಲಿಲ್ಲ. ಫ್ರೆಂಚಿನವರು, ಜಪಾನಿಯವರು, ಅರಬ್ಬಿಯವರು ಎಲ್ಲರೂ ಬೆಂಚು ಬಡಿಯುತ್ತಾ, “ಮುಯ್ ಕಾರೊ! ಮುಯ್ ಕಾರೊ!” ಎಂದು ಕೂಗತೊಡಗಿದರು. ಆಕಳಿಸಿದ ಹುಡುಗ ಬೆಂಚಿನ ಮೇಲೆ ಹತ್ತಿದ್ದ. ಕಿಟ್ಟಣ್ಣ ಸಾಂಬಾರಿನ ಸೌಟು ಹಿಡಿದುಕೊಂಡೇ ಅಡುಗೆ ಕೋಣೆಯಿಂದ ಹೊರಗೆ ಬಂದ. ರತನ್‌ಗೆ ಗೊತ್ತಿದ್ದ ಸ್ಪ್ಯಾನಿಷ್ ಎಲ್ಲ ಖಾಲಿಯಾಯಿತು. ಕೊನೆಗೆ ಅವನು ಬುಟ್ಟಿಯನ್ನು ಎತ್ತಿ, “ಉನೊ, ದೊಸ್, ತ್ರೆಸ್!” ಎಂದು ಎಣಿಸಿ ರಟ್ಟಿನ ಬಂಗಡೆಗಳನ್ನೆಲ್ಲ ಜನರ ಮೇಲೆ ಎರಚಿಬಿಟ್ಟ.

ಪೂಜಿತಾ ಕಣ್ಣೊರೆಸಿಕೊಂಡು ನಗುತ್ತಿದ್ದಳು.

ತೀರ್ಪು ಹೇಳಲು ಬ್ರಹ್ಮಾವರದ ಕಡೆಯಿಂದ ಬಂದಿದ್ದ ಮೇಡಂ ಮೈಕ್ ಹಿಡಿದರು. ನಗು ತಡೆದುಕೊಳ್ಳುತ್ತಿದ್ದರು ಎಂದು ಕಾಣುತ್ತಿತ್ತು.

“ಮೊದಲ ಬಹುಮಾನ ಹಾಲಾಡಿಯ ತಂಡಕ್ಕೆ. ಇನ್ನು ಉಪ್ಪುಂದದ ತಂಡ. ಸ್ಟೇಜಿನ ಮೇಲೆ ಐದೇ ಜನ ಇದ್ರು, ಅದು ಸರಿ. ಆದ್ರೆ ಹೊರಗಿನಿಂದ ಯಾರೂ ಮಾತು ಹೇಳಿಕೊಡಬಾರದು ಅಂತ ಏಳನೇ ನಿಯಮ ಇದೆ. ಹಾಗಾಗಿ ಬಹುಮಾನ ಕೊಡೋಕಾಗಲ್ಲ.” ಅವರು ಮೈಕನ್ನು ಇನ್ನಷ್ಟು ಹತ್ತಿರ ತಂದರು. “ಒಂದು ಮಾತು ಮಾತ್ರ ನಿಜ. ಆ ಬಂಗಡೆ ಮುಯ್ ಕಾರೊ.”

ಶಾಮಿಯಾನ ಹಾರಿಹೋಗುವಷ್ಟು ಚಪ್ಪಾಳೆ ಬಿತ್ತು.

“ಬಾಗಿ ನಮ್ಮನ್ ಬಚಾವ್ ಮಾಡ್ತ್ ಕಾಣ್! ಅದಿಲ್ದಿದ್ರೆ ಅಲ್ಲೇ ಕಂಬದಾಂಗ್ ನಿಂತಿರ್ಕಿತ್ತ್,” ಎಂದ ರತನ್. ಎಲ್ಲರೂ ಅದನ್ನೇ ಹೇಳುತ್ತಿದ್ದರು.

ಸಂಜೆ ಬಸ್ಸುಗಳೆಲ್ಲ ಹೋದ ಮೇಲೆ ಬೆಂಚುಗಳನ್ನು ತರಗತಿಗಳಿಗೆ ಸಾಗಿಸುವ ಕೆಲಸ ಉಳಿದಿತ್ತು. ಬಾಗಿ ಒಬ್ಬಳೇ ಒಂದು ಬೆಂಚನ್ನು ಕಿರ್ರೋ ಎಂದು ಎಳೆದುಕೊಂಡು ಹೋಗುತ್ತಿದ್ದಳು. ನವ್ಯಶ್ರೀ ಓಡಿಹೋಗಿ ಅವಳ ಎದುರು ನಿಂತಳು.

“ಥ್ಯಾಂಕ್ಸ್ ಬಾಗಿ. ನೀ ಹೇಳ್ಕೊಡದಿದ್ರೆ...”

“ನಾ ಎಂತ ಹೇಳ್ಕೊಟ್ಟದ್ದಲ್ಲ,” ಎಂದಳು ಬಾಗಿ. “ಸಿಟ್ಟ್ ಬಂದಿತ್ತ್. ನಿಮ್ಮನ್ ಹಾಳ್ ಮಾಡ್ಕ್ ಅಂದೇಳಿಯೇ ಕೂಗದ್ದ್. ಅದ್ ಹ್ಯಾಂಗೋ ಸಮಾ ಆಯ್ತ್.”

ನವ್ಯಶ್ರೀಗೆ ನಗು ಬಂತು. ಆದರೆ ಬಾಗಿ ನಗಲಿಲ್ಲ.

“ಐದೇ ಜನ ಅಂದ್ರೆ ನಾ ಎಂತ ಜಗಳ ಮಾಡ್ತಿದ್ನಾ? ನಂದ್ ಎರಡೇ ಮಾತ್, ನಂಗೂ ಗೊತ್ತಿತ್ತ್. ಕರೂಕೆ ನೀ ಕೈ ಹಿಡ್ದ್ ಎಳ್ದೆ. ಬ್ಯಾಡ ಅಂಬುಕ್ ಬೋರ್ಡಿಗೆ ಚೀಟಿ ಹಾಕ್ದೆ.”

ನವ್ಯಶ್ರೀ ನೆಲ ನೋಡಿದಳು. ‘ಟೀಚರ್ ಹೇಳಿದ್ರ್’ ಎನ್ನಬಹುದಿತ್ತು. ‘ರೂಲ್ಸ್ ಹಾಂಗಿತ್ತ್’ ಎನ್ನಬಹುದಿತ್ತು. ಎರಡೂ ಸುಳ್ಳಲ್ಲ. ಆದರೂ ಅವೆರಡೂ ಬಾಗಿ ಕೇಳಿದ ಮಾತಿಗೆ ಉತ್ತರ ಆಗಿರಲಿಲ್ಲ.

ಅವಳು ಕಷ್ಟಪಟ್ಟು ತಲೆ ಎತ್ತಿದಳು. ಬಾಗಿಯ ಬಲಗೆನ್ನೆಯ ಮೇಲೆ ಸಣ್ಣದೊಂದು ಮಚ್ಚೆ ಇರುವುದು ಅವಳಿಗೆ ಕಂಡದ್ದು ಆಗಲೇ.

“ಹೇಳೂಕ್ ಹೆದ್ರಿಕಿ ಆಯ್ತ್,” ಎಂದಳು. “ಅದ್ಕೆ ಬೋರ್ಡಿಗೆ ಹಾಕ್ದೆ. ಆ ದಿನ ಟೀಚರ್ ಕರೀಲೂ ಇಲ್ಲೆ. ನಾ ಸುಮ್ನೆ ಓಡ್ಹೋದ್ದ್. ತಪ್ಪಾಯ್ತ್ ಬಾಗಿ.”

ಬಾಗಿ ಅವಳನ್ನೇ ನೋಡಿದಳು. ಸಿಟ್ಟು ಪೂರ್ತಿ ಹೋಗಿತ್ತೋ ಇಲ್ಲವೋ ಹೇಳುವ ಹಾಗಿರಲಿಲ್ಲ.

“ಆ ಬದಿ ಹಿಡಿ,” ಎಂದಳು ಕೊನೆಗೆ. “ಒಬ್ಬಳಿಗೇ ಎತ್ತೂಕ್ ಆತ್ತಿಲ್ಲೆ.”

ನವ್ಯಶ್ರೀ ಬೆಂಚಿನ ಇನ್ನೊಂದು ತುದಿ ಹಿಡಿದಳು. ಬಾಗಿಯ ಬೆನ್ನು ಶಾಲೆಯ ಕಡೆಗಿತ್ತು. ಅವಳು ಹಿಂದೆ ಹಿಂದೆ ಹೆಜ್ಜೆ ಇಡಬೇಕು, ದಾರಿ ಅವಳಿಗೆ ಕಾಣುವುದಿಲ್ಲ. ಕಾಣುವುದು ನವ್ಯಶ್ರೀಗೆ ಮಾತ್ರ.

“ಇಲ್ಲೊಂದ್ ಹಗ್ಗ ಇತ್ತ್, ದಾಟ್,” ಎಂದಳು ನವ್ಯಶ್ರೀ.

ಬಾಗಿ ದಾಟಿದಳು.

“ಈಗ ಒಂಚೂರ್ ಎಡಕ್ಕೆ. ಹೂವಿನ ಕುಂಡ ಇತ್ತ್.”

ಬಾಗಿ ಎಡಕ್ಕೆ ತಿರುಗಿದಳು.

“ಈಗ ಮೆಟ್ಲ್. ಮೂರ್ ಇತ್ತ್. ಒಂದ್... ಎರಡ್...”

ಬಾಗಿ ಹಿಂದಕ್ಕೆ ತಿರುಗಿ ನೋಡದೆ ಮೆಟ್ಟಿಲು ಹತ್ತಿದಳು.